ಮಂಗಳ ಹಾಡದೆ ಬಿಟ್ಟ ಯುದ್ಧ

೧೯೪೭ನೇ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ನಾನು ದೇವನಹಳ್ಳಿ ಠಾಣೆಯ ಸಬ್ ಇನ್‌ಸ್ಪೆಕ್ಟರ್ ಆಗಿದ್ದೆ. ಇಲಾಖೆಗೆ ಸೇರಿ ಕೆಲವು ವರ್ಷಗಳಾಗಿದ್ದರೂ ಒಂದು ಠಾಣೆಯ ಹೊಣೆ ಪೂರ್ತಿಯಾಗಿ ನನ್ನ ತಲೆಯ ಮೇಲೆ ಬಿದ್ದದ್ದು ಅದೇ ಮೊದಲು. ಬಿದ್ದದ್ದೇನೋ ಸರಿ, ಇಂಥ ಹೊತ್ತಿನಲ್ಲೇ ಯಾಕೆ ಬಿತ್ತು ಎಂದು ಈಗಲೂ ತಲೆ ಕೆರೆದುಕೊಳ್ಳುತ್ತೇನೆ. ದೇಶಕ್ಕೆ ಸ್ವಾತಂತ್ರ್ಯ ಬಂದಾಗಿತ್ತು. ನಮ್ಮ ಮೈಸೂರು ಸಂಸ್ಥಾನದಲ್ಲಿ ಮಾತ್ರ ಜವಾಬ್ದಾರಿ ಸರ್ಕಾರ ಇನ್ನೂ ಬಂದಿರಲಿಲ್ಲ. ಅದಕ್ಕಾಗಿ ಊರೂರಲ್ಲೂ ಚಳವಳಿ ನಡೆದಿತ್ತು. ನಾವು ಹಿಡಿದು ಲಾರಿಗೆ ಹತ್ತಿಸುತ್ತಿದ್ದವರು ಹಿಂದಿನ ತಿಂಗಳು ನಮ್ಮ ಜೊತೆಗೇ ನಿಂತು ಮಿಠಾಯಿ ಹಂಚಿದವರು. ಸಂತೆಯಲ್ಲಿ ಸೊಪ್ಪು ಮಾರುವ ಮುದುಕಿ ಒಂದು ದಿನ ನನ್ನನ್ನು ತಡೆದು, ಈಗ ನೀವು ಯಾರ ಪೊಲೀಸು ಸ್ವಾಮಿ ಎಂದು ಕೇಳಿದಳು. ವ್ಯಂಗ್ಯವೇನೂ ಇರಲಿಲ್ಲ, ಪಾಪ, ತಿಳಿದುಕೊಳ್ಳಲೆಂದೇ ಕೇಳಿದ್ದು. ಚೌಕಾಸಿ ಮಾಡದೆ ಒಂದು ಕಟ್ಟು ಸೊಪ್ಪು ಕೊಂಡು ಬಂದೆ.

ಇದು ಸಾಲದೆಂಬಂತೆ ಅದೇ ವಾರ ಒಂದು ಸಿನಿಮಾ ಕಂಪನಿ ಬಂದು ಇಳಿಯಿತು. ಮದರಾಸಿನಿಂದ ಎರಡು ಲಾರಿ, ಒಂದು ಕಾರು. ನಿರ್ದೇಶಕರು ವೆಂಕಟನಾರಾಯಣ ಎಂಬ ನಮ್ಮ ಕಡೆಯವರೇ. ಸಣ್ಣ ಆಳು, ದೊಡ್ಡ ಕನ್ನಡಕ, ಮಾತಾಡುವಾಗ ಎರಡು ಕೈಗಳಿಂದಲೂ ಗಾಳಿಯಲ್ಲಿ ಚೌಕಟ್ಟು ಹಾಕುವ ಅಭ್ಯಾಸ. ಕೋಟೆಯಲ್ಲಿ ಚಿತ್ರ ತೆಗೆಯಲು ಚಳವಳಿಗೆ ಮೊದಲೇ ಬೆಂಗಳೂರಿನಿಂದ ಅನುಮತಿ ಪಡೆದಿದ್ದರು. ಅನುಮತಿಯನ್ನು ಯಾರೂ ರದ್ದು ಮಾಡಿರಲಿಲ್ಲ. ಆಮೇಲೆ ೧೪೪ನೇ ಸೆಕ್ಷನ್ ಜಾರಿಗೆ ಬಂದಿತ್ತು, ಅಂದರೆ ಆಯುಧ ಹಿಡಿದು ಗುಂಪು ಸೇರಕೂಡದು. ಒಂದು ಸರ್ಕಾರಿ ಅಪ್ಪಣೆಯ ಪ್ರಕಾರ ಕೋಟೆಯ ಮುಂದೆ ಐದು ಜನ ಕೋಲು ಹಿಡಿದು ನಿಲ್ಲುವಂತಿಲ್ಲ, ಇನ್ನೊಂದು ಸರ್ಕಾರಿ ಅಪ್ಪಣೆಯ ಪ್ರಕಾರ ಇನ್ನೂರು ಜನ ಕತ್ತಿ ಹಿಡಿದು ನಿಲ್ಲಬಹುದು. ಮೇಲಿನವರನ್ನು ಕೇಳಿದರೆ, ಸ್ಥಳದಲ್ಲಿರುವವರು ನೀವು, ವಿವೇಚನೆಯಿಂದ ವರ್ತಿಸಿ ಎಂಬ ಉತ್ತರ ಬಂತು. ನನ್ನ ಸರ್ವಿಸ್‌ನಲ್ಲಿ ಆ ಮಾತು ಕೇಳಿದಾಗಲೆಲ್ಲ ಮುಂದೆ ಏನೋ ಕಾದಿದೆ ಎಂದೇ ಅರ್ಥವಾಗಿದೆ.

ಚಿತ್ರದ ಕಥೆ ಒಂದು ಕಾದಂಬರಿಯದು. ನೂರೈವತ್ತು ವರ್ಷದ ಹಿಂದೆ ಇಂಗ್ಲಿಷರ ಕಂಪನಿಯ ಸೈನ್ಯ ನಮ್ಮ ಸೀಮೆಗೆ ನುಗ್ಗಿದಾಗಿನ ಯುದ್ಧದ ಕಥೆ. ಆದರೆ ಅದರಲ್ಲಿ ಗುಂಡಿಗಿಂತ ಪಿತೂರಿಯೇ ಹೆಚ್ಚು. ಹೊರಗೆ ಸೈನಿಕರು ಸಾಯುತ್ತಿದ್ದರೆ ಒಳಗೆ ಮಂತ್ರಿಗಳು ಕಂಪನಿಯೊಂದಿಗೆ ಗುಟ್ಟಾಗಿ ಕರಾರು ಮಾಡಿಕೊಳ್ಳುತ್ತಾರೆ. ಕೋಟೆ ಬಿಟ್ಟುಕೊಡುವುದು ಆಗಲೇ ನಿಶ್ಚಯವಾಗಿದೆ ಎಂಬ ಸಂಗತಿ ಬಾಗಿಲು ಕಾಯುವ ದಳವಾಯಿಗೆ ಮಾತ್ರ ಗೊತ್ತಿಲ್ಲ. ಅವನು ಕಾಯುತ್ತಲೇ ಇರುತ್ತಾನೆ, ಬುರುಜಿನ ಮೇಲೆ ಸಾಯುತ್ತಾನೆ. ಇದು ಯುದ್ಧದ ಚಿತ್ರವಲ್ಲ, ರಾಜಕೀಯದ ಚಿತ್ರ ಎಂದು ವೆಂಕಟನಾರಾಯಣ ನನಗೆ ಒತ್ತಿ ಹೇಳಿದರು. ಆಗಿನ ಪರಿಸ್ಥಿತಿಯಲ್ಲಿ ಪೊಲೀಸಿನವನ ಮುಂದೆ ಆಡಬಾರದ ಮಾತು ಅದು. ಆದರೂ ಮನುಷ್ಯ ಯಾಕೋ ಹಿಡಿಸಿದರು.

ಸೈನಿಕರ ಪಾತ್ರಕ್ಕೆ ಹತ್ತಿರದ ಹೊಂಗೇನಹಳ್ಳಿಯಿಂದ ಜನ ಬಂದರು. ಕರೆತಂದವರು ಅಲ್ಲಿನ ಪಟೇಲ್ ಬಚ್ಚೇಗೌಡರು. ಆ ಊರವರು ಸುಗ್ಗಿ ಮುಗಿದ ಮೇಲೆ ಬಯಲಾಟ ಆಡುವವರು, ಗಜ್ಜೆ ಕಟ್ಟುವುದರಲ್ಲಿ ಸುತ್ತ ಹೆಸರಾದವರು. ಅವರಲ್ಲಿ ಮುನಿಶಾಮಪ್ಪ ಎಂಬ ರೈತ ರಾಜವೇಷಕ್ಕೆ ಪ್ರಸಿದ್ಧ. ಎತ್ತರದ ಆಳು, ಮೀಸೆ ಕಿವಿ ಮುಟ್ಟುತ್ತಿತ್ತು, ಕೂಗಿದರೆ ಕೆರೆಯ ಆಚೆ ದಡಕ್ಕೆ ಕೇಳುತ್ತಿತ್ತು. ಮದರಾಸಿನಿಂದ ಬಂದಿದ್ದ ನಟ ಬುರುಜು ಹತ್ತಲು ಹೆದರಿದ್ದರಿಂದ ದಳವಾಯಿಯ ಪಾತ್ರ ಮುನಿಶಾಮಪ್ಪನಿಗೆ ಸಿಕ್ಕಿತು. ಮೊದಲ ದಿನ ಮುಹೂರ್ತ, ಅಂದರೆ ಕ್ಯಾಮೆರಾಕ್ಕೆ ಪೂಜೆ. ಕೋಟೆಯ ಬಾಗಿಲ ಮುಂದೆ ಗಣಪತಿ ಇಟ್ಟು ವೆಂಕಟನಾರಾಯಣ ತಮ್ಮ ಕೈಯಾರೆ ತೆಂಗಿನಕಾಯಿ ಒಡೆದರು. ಊರವರೆಲ್ಲ ಕೈಮುಗಿದರು. ಆಟ ಶುರುವಾಗುವುದು ಅವರ ಊರಲ್ಲೂ ಹಾಗೆಯೇ.

ಆಮೇಲೆ ಶುರುವಾಯಿತು ಗೊಂದಲ. ಸಿನಿಮಾದವರು ಕಥೆಯನ್ನು ಮೊದಲಿನಿಂದ ಕೊನೆಗೆ ತೆಗೆಯುವುದಿಲ್ಲ, ಬಿಸಿಲು, ಜಾಗ, ನಟರ ಬಿಡುವು ನೋಡಿಕೊಂಡು ಎಲ್ಲೆಲ್ಲಿಂದಲೋ ತೆಗೆಯುತ್ತಾರೆ ಎಂಬುದು ನನಗೂ ಗೊತ್ತಿರಲಿಲ್ಲ. ನಿನ್ನೆ ಗಲ್ಲಿಗೇರಿದ ಮಂತ್ರಿಗೆ ಇವತ್ತು ಮದುವೆ. ಬೆಳಗ್ಗೆ ಕೋಟೆ ಬಿತ್ತು, ಮಧ್ಯಾಹ್ನ ಊಟವಾದ ಮೇಲೆ ಶತ್ರು ಬರುತ್ತಿದ್ದಾನೆಂದು ಅದೇ ಕೋಟೆಯಲ್ಲಿ ನಗಾರಿ ಬಡಿದರು. ಕೆಂಪು ಕೋಟು ತೊಟ್ಟು ಕಂಪನಿಯ ಸಿಪಾಯಿಗಳಾದ ರೈತರು ಮರದ ಬಂದೂಕು ಹೊತ್ತು, ಈಗ ನಾವು ಗೆದ್ದಿದ್ದೀವೋ ಇಲ್ವೋ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ನನ್ನ ಠಾಣೆಯ ದಫೇದಾರ ಅವರಿಗೆ ವಿವರಿಸಲು ಹೋಗಿ ತಾನೇ ಗೊಂದಲಕ್ಕೆ ಬಿದ್ದು ಬಂದ.

ಕೋಟೆಯಲ್ಲಿ ಕೊನೆಗೆ ತೆಗೆದದ್ದು ದಳವಾಯಿಯ ಸಾವು. ನಾನೂ ನೋಡಿದೆ. ಮುನಿಶಾಮಪ್ಪ ಎದೆ ಹಿಡಿದುಕೊಂಡು ಬುರುಜಿನ ಮೇಲೆ ಬಿದ್ದ ರೀತಿಗೆ ನನ್ನ ಕಣ್ಣು ಒದ್ದೆಯಾಯಿತು. ಕಟ್ ಎಂದು ಕೂಗಿದ್ದೇ ಉಳಿದ ಹೆಣಗಳೆಲ್ಲ ಎದ್ದು ಬೀಡಿ ಹಚ್ಚಿದವು. ಮುನಿಶಾಮಪ್ಪ ಮಾತ್ರ ಏಳಲಿಲ್ಲ. ಪೆಟ್ಟಾಯಿತೇನೋ ಎಂದು ವೆಂಕಟನಾರಾಯಣ ಗಾಬರಿಯಿಂದ ಓಡಿದರು. ಅವನು ಕಣ್ಣು ಬಿಟ್ಟು, ಮಂಗಳ ಯಾವಾಗ ಎಂದು ಕೇಳಿದ. ಮಂಗಳವೆಲ್ಲ ಚಿತ್ರ ಪೂರ್ತಿಯಾದ ಮೇಲೆ ಮದರಾಸಿನಲ್ಲಿ, ಏಳಪ್ಪಾ, ನಿನ್ನ ಕೆಲಸ ಮುಗೀತು ಎಂದು ಅವರು ನಕ್ಕು ಬೆನ್ನು ತಟ್ಟಿದರು. ಮುನಿಶಾಮಪ್ಪ ಎದ್ದು ಕೂತ. ಅವನ ಮುಖ ಬೆಳ್ಳಗಾಗಿತ್ತು. ಬಣ್ಣದಿಂದ ಇರಬೇಕು ಎಂದುಕೊಂಡೆ.

ಹೊಂಗೇನಹಳ್ಳಿಯ ಬಯಲಾಟದಲ್ಲಿ ಒಂದು ಕಟ್ಟಳೆ ಇತ್ತು. ಆಟದಲ್ಲಿ ಸತ್ತ ಮುಖ್ಯ ವೇಷಧಾರಿಯನ್ನು ಹಾಗೇ ಮನೆಗೆ ಕಳಿಸುವಂತಿಲ್ಲ, ಗುಂಪಿನಲ್ಲಿ ಸತ್ತವರ ಲೆಕ್ಕವಿಲ್ಲ. ಮೊದಲ ಕಾಯಿ ಒಡೆದವರೇ ಕೊನೆಯಲ್ಲಿ ಆರತಿ ಹಿಡಿದು ಮಂಗಳ ಹಾಡಿ ಸತ್ತವನನ್ನು ಎಬ್ಬಿಸಬೇಕು. ಆಮೇಲಷ್ಟೇ ಎಲ್ಲರೂ ವೇಷ ಕಳಚುವುದು, ಅವನು ಹೊಸ್ತಿಲು ದಾಟುವುದು. ಅಲ್ಲಿಯವರೆಗೆ ಅವನು ಲೆಕ್ಕಕ್ಕೆ ಸತ್ತವನೇ. ಸಾಮಾನ್ಯವಾಗಿ ಇದರಿಂದ ಯಾರಿಗೂ ತೊಂದರೆ ಇಲ್ಲ, ಆಟ ಬೆಳಗಾಗುವುದರೊಳಗೆ ಮುಗಿದೇ ಮುಗಿಯುತ್ತದೆ. ಮುಗಿಯದ ಆಟವನ್ನು ಅವರು ಕಂಡಿರಲಿಲ್ಲ.

ಮುನಿಶಾಮಪ್ಪ ಬುರುಜಿನ ಮೇಲೆ ಸತ್ತ ದಿನ ಸಂಜೆಯೇ ಅವನ ಮನೆಯಲ್ಲಿ ಹೆರಿಗೆಯಾಗಿತ್ತು. ಚೊಚ್ಚಲ ಬಾಣಂತನಕ್ಕೆ ಬಂದಿದ್ದ ಮಗಳಿಗೆ ಹೆಣ್ಣು ಮಗು, ಅವನಿಗೆ ಮೊದಲ ಮೊಮ್ಮಗಳು. ಸುದ್ದಿ ಕೇಳಿ ದಳವಾಯಿಯ ವೇಷದಲ್ಲೇ ಓಡಿದವನನ್ನು ಹೆಂಡತಿ ಅಕ್ಕಯಮ್ಮ ಬಾಗಿಲಲ್ಲೇ ತಡೆದಳು. ಗಟ್ಟಿಗಿತ್ತಿ ಹೆಂಗಸು, ಆದರೆ ಕಲ್ಲೆದೆಯವಳಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡೇ ಹೇಳಿದಳಂತೆ, “ಒಳ್ಗೆ ಬಾಣಂತಿ, ಹಸುಗೂಸು ಅವೆ. ನಿನ್ನ ಇನ್ನೂ ಎಬ್ಬಿಸಿಲ್ಲ. ಎಬ್ಬಿಸ್ದೆ ಹೊಸ್ಲು ದಾಟ್ಬ್ಯಾಡ.” ಅವನಿಗೂ ಅದೇ ಭಯ. ಊರ ಚಾವಡಿಯಲ್ಲಿ ಹೋಗಿ ಕೂತ. ಚಾವಡಿ ಅವನ ಮನೆಗೆ ಎದುರೇ. ಅಕ್ಕಯಮ್ಮ ಮುದ್ದೆ ತಂದು ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದಳು. ಮಗು ಅತ್ತರೆ ಅವನು ಎದ್ದು ನಿಲ್ಲುತ್ತಿದ್ದ, ಸುಮ್ಮನಾದರೆ ಕೂರುತ್ತಿದ್ದ.

ಇದನ್ನು ದಫೇದಾರ ಬಂದು ಹೇಳಿದಾಗ ನನಗೆ ನಗು ಬಂತು. ಚಳವಳಿಯ ಗಲಾಟೆಯ ನಡುವೆ ಒಂದು ಹಾಡಿನ ಪಂಚಾಯಿತಿ ಯಾರಿಗೆ ಬೇಕು? ಸಿನಿಮಾದವರು ಅಷ್ಟರಲ್ಲಿ ನಲ್ಲೂರಿನ ಹುಣಸೇತೋಪಿಗೆ ಹೋಗಿ ಕಂಪನಿಯ ಡೇರೆಗಳ ಚಿತ್ರ ತೆಗೆಯುತ್ತಿದ್ದರು. ಅದೂ ಮುಗಿದು, ಸಾಮಾನು ತುಂಬಿಕೊಳ್ಳಲು ಮತ್ತೆ ಕೋಟೆಯ ಹತ್ತಿರ ಬಂದ ದಿನ ಮಧ್ಯಾಹ್ನ ನನಗೆ ಕರೆ ಬಂತು. ಹೋಗಿ ನೋಡಿದರೆ ಹೊಂಗೇನಹಳ್ಳಿಗೆ ಹೊಂಗೇನಹಳ್ಳಿಯೇ ಲಾರಿಗಳ ಮುಂದೆ ಕೂತಿತ್ತು. ಮಂಗಳವಾಗದೆ ಯಾರೂ ವೇಷ ಕಳಚಿರಲಿಲ್ಲ. ಕೆಂಪು ಕೋಟಿನವರೂ ಪೇಟದವರೂ ಒಟ್ಟಿಗೆ ಕೂತು ಎಲೆಯಡಿಕೆ ಹಾಕುತ್ತಿದ್ದರು. ಮಡಿಲಲ್ಲಿ ತಗಡಿನ ಕತ್ತಿ, ಮರದ ಬಂದೂಕು. ಕೋಟೆಯ ಮೇಲೆ ಕಂಪನಿಯ ಬಾವುಟ ಹಾರುತ್ತಲೇ ಇತ್ತು, ಅದನ್ನು ಇಳಿಸುವುದು ಯಾರ ಕೆಲಸ ಎಂದು ಯಾರಿಗೂ ತಿಳಿದಿರಲಿಲ್ಲ. ಎಲ್ಲರ ಮುಂದೆ, ದಳವಾಯಿಯ ಉಡುಪಿನಲ್ಲಿ, ಗಡ್ಡ ಬೆಳೆದ ಮುನಿಶಾಮಪ್ಪ.

ಪಟೇಲ್ ಬಚ್ಚೇಗೌಡರು ಬಹಳ ಮರ್ಯಾದೆಯಿಂದ ವಿಷಯ ಹೇಳಿದರು. ತಮಗೆ ಯಾರ ಮೇಲೂ ದ್ವೇಷವಿಲ್ಲ, ಹೆಚ್ಚಿಗೆ ಏನೂ ಬೇಡ, ಕಾಯಿ ಒಡೆದವರು ಮಂಗಳ ಹಾಡಿ ಇವನನ್ನು ಎಬ್ಬಿಸಿಬಿಟ್ಟರೆ ಲಾರಿಗೆ ತಾವೇ ಹೂ ಕಟ್ಟಿ ಕಳಿಸುತ್ತೇವೆ ಎಂದರು. ಇಷ್ಟೇ ತಾನೆ ಎಂದು ನಾನು ವೆಂಕಟನಾರಾಯಣರ ಕಡೆ ತಿರುಗಿದೆ. ಅವರು ಕಾರಿನಲ್ಲಿ ಕಿಟಕಿಯ ಗಾಜು ಏರಿಸಿಕೊಂಡು ಕೂತಿದ್ದರು. ಎರಡು ಸಾಲು ಹಾಡಿ ಹೊರಡಿ ಮಹಾರಾಯರೆ ಎಂದೆ. ಆಗುವುದಿಲ್ಲ ಎಂದರು. ಯಾಕೆಂದು ಕೇಳಿದೆ. ಮೊದಲು ಏನೇನೋ ಸಬೂಬು ಹೇಳಿ, ಕೊನೆಗೆ ದನಿ ತಗ್ಗಿಸಿ ನಿಜ ಹೇಳಿದರು. ಸಿನಿಮಾದವರಲ್ಲೂ ಒಂದು ಕಟ್ಟಳೆ ಇದೆಯಂತೆ. ಕೊನೆಯ ಶಾಟ್ ತೆಗೆಯುವ ಮೊದಲು ಮಂಗಳ ಹಾಡಿದರೆ ಆ ಚಿತ್ರ ಅಲ್ಲಿಗೇ ನಿಲ್ಲುತ್ತದೆ. ಅವರ ಹಿಂದಿನ ಚಿತ್ರದಲ್ಲಿ ಯಾರೋ ಹಾಗೆ ಹಾಡಿದ್ದರಂತೆ, ಅದರ ರೀಲುಗಳು ಇನ್ನೂ ಡಬ್ಬಿಯಲ್ಲೇ ಇವೆಯಂತೆ.

“ಕಾದಂಬರಿ ಓದಿದ ದಿನದಿಂದ ಈ ಚಿತ್ರಕ್ಕಾಗಿಯೇ ಬದುಕಿದ್ದೀನಿ ಸಾರ್. ನನ್ನ ಕೈಯಾರೆ ಇದರ ಕತ್ತು ಹಿಸುಕು ಅಂತೀರಾ?”

ನಾನು ಕಾರಿಗೂ ಗುಂಪಿಗೂ ನಡುವೆ ಓಡಾಡಿ ಬೆವತೆ. ಓದಿದವರು ನೀವೂ ಇದನ್ನೆಲ್ಲ ನಂಬುತ್ತೀರಾ ಎಂದು ವೆಂಕಟನಾರಾಯಣರ ಮೇಲೆ ರೇಗಿದೆ. ನಂಬುವುದಿಲ್ಲ, ಆದರೆ ಹಾಡುವುದೂ ಇಲ್ಲ ಎಂದರು. ನೀವೇ ಯಾರಾದರೂ ಹಾಡಿಬಿಡಿ ಎಂದು ಪಟೇಲರಿಗೆ ಹೇಳಿದೆ. ಕಾಯಿ ಒಡೆದವರು ಬದುಕಿರುವಾಗ ಬೇರೆಯವರು ಹಾಡಿದರೆ ಅದು ಮಂಗಳವಲ್ಲ, ಬರೀ ಪದ ಎಂದರು ಅವರು. ಹೋಗಲಿ, ಮುನಿಶಾಮಪ್ಪ ಬದುಕಿರುವ ಹಿಂದಿನ ಯಾವುದಾದರೂ ದೃಶ್ಯವನ್ನು ಈಗ ತೆಗೆದುಬಿಡಿ, ಆಗ ಕೊನೆಗೆ ಅವನು ಬದುಕಿದಂತಾಗುತ್ತದಲ್ಲ ಎಂದು ಉಪಾಯ ಹೂಡಿದೆ. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ. ಆದರೆ ತಂದಿದ್ದ ರಾ ಫಿಲ್ಮ್, ಅಂದರೆ ಚಿತ್ರ ಮೂಡದ ಹೊಸ ಸುರುಳಿ, ಒಂದಡಿಯೂ ಉಳಿದಿರಲಿಲ್ಲ. ಮಹಾಯುದ್ಧ ಮುಗಿದಿದ್ದರೂ ಅದಕ್ಕೆ ಇನ್ನೂ ಬರವಿತ್ತು. ಲಾರಿಗೆ ಅಡ್ಡ ಕೂತದ್ದಕ್ಕೆ ಸೆಕ್ಷನ್ ಇದೆ. ಮಂಗಳ ಹಾಡದಿರುವುದು ಯಾವ ಸೆಕ್ಷನ್ನಿನಲ್ಲೂ ಅಪರಾಧವಲ್ಲ. ಕಾನೂನು ಒಂದು ಕಡೆಗಿತ್ತು, ನನ್ನ ಮನಸ್ಸು ಇನ್ನೊಂದು ಕಡೆಗಿತ್ತು. ಯಾವುದನ್ನು ಹಿಡಿಯಬೇಕೋ ತಿಳಿಯದೆ ಹುಬ್ಬಿಗೆ ಕೈ ಅಡ್ಡ ಹಿಡಿದು ನಿಂತಿದ್ದೆ.

ಅಷ್ಟರಲ್ಲಿ ಬೆಂಗಳೂರಿನಿಂದ ರಿಸರ್ವ್ ಪೊಲೀಸ್ ವ್ಯಾನು ಬಂತು. ರಿಸರ್ವ್ ಎಂದರೆ ಗಲಭೆ ಅಡಗಿಸಲೆಂದೇ ಕಾದಿರಿಸಿದ ಬಂದೂಕಿನ ಪಡೆ. ನಾನು ಕರೆಸಿರಲಿಲ್ಲ. ಬಸ್ಸಿನಲ್ಲಿ ಹೋಗುತ್ತಿದ್ದ ಯಾರೋ ಪುಣ್ಯಾತ್ಮರು, ದೇವನಹಳ್ಳಿ ಕೋಟೆಯನ್ನು ಆಯುಧಧಾರಿಗಳು ಹಿಡಿದಿದ್ದಾರೆ, ಮೇಲೆ ಯಾವುದೋ ಬಾವುಟ ಹಾರಿಸಿದ್ದಾರೆ ಎಂದು ಸುದ್ದಿ ಮುಟ್ಟಿಸಿದ್ದರು. ಸುಳ್ಳೆಂದು ಹೇಗೆ ಹೇಳುವುದು, ಕಣ್ಣಿಗೆ ಕಾಣುತ್ತಿದ್ದದ್ದು ಅದೇ. ವ್ಯಾನಿನಿಂದ ಇಳಿದ ಇನ್‌ಸ್ಪೆಕ್ಟರು ನನಗಿಂತ ಹಿರಿಯರು. ಚಳವಳಿ ಶುರುವಾದಾಗಿನಿಂದ ನಿದ್ದೆಗೆಟ್ಟು ಅವರ ಕಣ್ಣುಗಳು ಕೆಂಡವಾಗಿದ್ದವು. ಕೆಂಪು ಕೋಟು, ಪೇಟ, ಬಾವುಟ ಎಲ್ಲವನ್ನೂ ಒಂದು ಸುತ್ತು ನೋಡಿ, ಇದು ಯಾರ ಕಡೆಯ ಗುಂಪು ಎಂದು ನನ್ನನ್ನು ಕೇಳಿದರು. ಎರಡೂ ಕಡೆಯವರು ಇದ್ದಾರೆ ಸಾರ್ ಎಂದೆ. ನಿಜವನ್ನೇ ಹೇಳಿದ್ದು, ಆದರೆ ಹೇಳಬಾರದಿತ್ತು.

ಮಂಗಳದ ವಿಷಯ ವಿವರಿಸಲು ಬಾಯಿ ತೆರೆದೆ. ಅವರಿಗೆ ತಾಳ್ಮೆಯಿರಲಿಲ್ಲ. ಪಡೆಯನ್ನು ಸಾಲಾಗಿ ನಿಲ್ಲಿಸಿ, ಚದುರದಿದ್ದರೆ ಗುಂಡು ಹಾರಿಸಬೇಕಾಗುತ್ತದೆ ಎಂದು ಗುಂಪಿಗೆ ಕೂಗಿ ಹೇಳಿದರು. ನಾನು ಬೆಚ್ಚಿಬಿದ್ದೆ. ಗುಂಪು ಬೆಚ್ಚಲಿಲ್ಲ. ಇಷ್ಟು ದಿನ ಅವರು ಕೇಳಿದ್ದೆಲ್ಲ ಇಂಥ ಮಾತೇ, ಕಂಡದ್ದೆಲ್ಲ ಇಂಥ ಸಾಲೇ. ಕೆಂಪು ಕೋಟಿನ ಮುದುಕನೊಬ್ಬ ಎಲೆಯಡಿಕೆ ಉಗಿದು, ಇವರದು ಯಾವ ಕಡೆ ಪಾರ್ಟು ಎಂದು ಪಕ್ಕದವನನ್ನು ವಿಚಾರಿಸಿದ. ಅದು ಇನ್‌ಸ್ಪೆಕ್ಟರ ಕಿವಿಗೆ ಬಿತ್ತು. ಅವರ ಮುಖ ಕಪ್ಪಿಟ್ಟಿತು. ಬಂದೂಕುಗಳು ಮೇಲೆದ್ದವು. ನಾನು ಕೈ ಅಡ್ಡ ಮಾಡಿಕೊಂಡು ಸಾಲಿನ ಮುಂದಕ್ಕೆ ಓಡಿದೆ. ಅದು ಧೈರ್ಯವಲ್ಲ, ಅದೇನೆಂದು ನನಗೂ ತಿಳಿಯದು.

ನನಗಿಂತ ಮೊದಲು ಮುನಿಶಾಮಪ್ಪ ಎದ್ದಿದ್ದ. ಆ ಬಂದೂಕು ಮರದ್ದಲ್ಲ ಎಂದು ಗುಂಪಿನಲ್ಲಿ ಗುರುತಿಸಿದವನು ಅವನೊಬ್ಬನೇ. ತಗಡಿನ ಕತ್ತಿಯನ್ನು ನೆಲದ ಮೇಲಿಟ್ಟು, ಇನ್‌ಸ್ಪೆಕ್ಟರ ಎದುರಿಗೆ ಬಂದು ಕೈಮುಗಿದ. ಕೆರೆಯಾಚೆಗೆ ಕೇಳುತ್ತಿದ್ದ ದನಿ ಅವತ್ತು ಪಕ್ಕದವರಿಗೆ ಕೇಳಿದರೆ ಹೆಚ್ಚು.

“ನಾನು ಆಗ್ಲೇ ಸತ್ತೋಗಿದ್ದೀನಿ ಸ್ವಾಮಿ. ಹೊಡೆಯೋದಾದ್ರೆ ನನ್ನೇ ಹೊಡೀರಿ, ಲೆಕ್ಕ ಅಷ್ಟೇ ಇರ್ತದೆ. ಇವ್ರನ್ನೆಲ್ಲ ಮನೇಲಿ ಇನ್ನೂ ಬದುಕಿರೋರು ಅಂತ ಕಾಯ್ತಾ ಅವ್ರೆ.”

ಇನ್‌ಸ್ಪೆಕ್ಟರ್ ನನ್ನ ಮುಖ ನೋಡಿದರು. ಇವನೇನು ಹೇಳುತ್ತಿದ್ದಾನೆ ಎಂಬ ಪ್ರಶ್ನೆ ಅವರ ಕಣ್ಣಲ್ಲಿತ್ತು. ಆಗ ಕಾರಿನ ಬಾಗಿಲು ತೆರೆದ ಸದ್ದಾಯಿತು.

ವೆಂಕಟನಾರಾಯಣ ಇಳಿದು ಬಂದರು. ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡಿದ್ದರು. ಯಾರ ಕಡೆಯೂ ನೋಡದೆ ಪಟೇಲರ ಬಳಿ ಹೋಗಿ ಆರತಿ ತಟ್ಟೆ ಕೇಳಿದರು. ಅದು ಆಗಲೇ ಸಿದ್ಧವಾಗಿತ್ತು. ಕರ್ಪೂರ ಹಚ್ಚುವಾಗ ಎರಡು ಕಡ್ಡಿ ಆರಿದವು. ಮುನಿಶಾಮಪ್ಪ ಅಲ್ಲೇ, ಬಂದೂಕಿನ ಸಾಲಿನ ಮುಂದೆಯೇ, ನೆಲಕ್ಕೆ ಅಂಗಾತ ಮಲಗಿದ. ಎಬ್ಬಿಸಬೇಕಾದರೆ ಮಲಗಿರಬೇಕಲ್ಲ. ಅವರು ಹಾಡಿದರು. ಅಪಶ್ರುತಿ, ಒಡಕು ದನಿ, ನಡುವೆ ಸಾಲು ಮರೆತು ಬಚ್ಚೇಗೌಡರು ಎತ್ತಿಕೊಡಬೇಕಾಯಿತು. ಎರಡನೆಯ ಸಾಲಿಗೆ ಊರಿಗೆ ಊರೇ ದನಿಗೂಡಿಸಿತು. ಕೊನೆಗೆ ವೆಂಕಟನಾರಾಯಣ ಬಗ್ಗಿ ಕೈ ಚಾಚಿ, ಏಳಪ್ಪಾ ಎಂದರು. ಹಿಂದೆಯೂ ಅದೇ ಮಾತು ಹೇಳಿದ್ದರು, ಆದರೆ ಈ ಸಲ ಅವರು ಅಳುತ್ತಿದ್ದರು. ಮುನಿಶಾಮಪ್ಪ ಆ ಕೈ ಹಿಡಿದು ಎದ್ದ.

ಆಮೇಲಿನದು ಬಹಳ ಬೇಗ ನಡೆಯಿತು. ಕೆಂಪು ಕೋಟುಗಳು, ಪೇಟಗಳು, ಬಂದೂಕುಗಳು ಲಾರಿಯ ಪಕ್ಕದಲ್ಲಿ ಗುಡ್ಡೆ ಬಿದ್ದವು. ಬನಿಯನ್, ಚಡ್ಡಿಯ ರೈತರು ನಿಂತಿದ್ದರು. ಅವರನ್ನು ಚದುರಿಸುವ ಪ್ರಮೇಯವೇ ಇರಲಿಲ್ಲ, ದನ ಕಟ್ಟುವ ಹೊತ್ತಾಯಿತೆಂದು ತಾವೇ ಹೊರಟರು. ಯಾರೋ ಆರತಿ ತಟ್ಟೆಯನ್ನು ಇನ್‌ಸ್ಪೆಕ್ಟರ ಮುಂದೆ ಹಿಡಿದರು. ಅಭ್ಯಾಸಬಲದಿಂದ ಅವರು ಎರಡು ಕೈಯಲ್ಲೂ ಕಣ್ಣಿಗೊತ್ತಿಕೊಂಡು ಜೇಬು ತಡಕಿ ತಟ್ಟೆಗೆ ಒಂದು ಕಾಸು ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, ಇಲ್ಲಿ ಏನಾಯಿತು ಎಂದು ಕೇಳಿದರು. ಆಟ ಮುಗಿಯಿತು ಸಾರ್ ಎಂದೆ. ಪಡೆಯನ್ನು ವ್ಯಾನಿಗೆ ಹತ್ತಿಸಿಕೊಂಡು ಹೊರಟರು. ಮೇಲಿನವರಿಗೆ ಅವರು ಏನು ವರದಿ ಕೊಟ್ಟರೋ, ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಮುನಿಶಾಮಪ್ಪನ ಹಿಂದೆ ಹೊಂಗೇನಹಳ್ಳಿಯವರೆಗೆ ಹೋದೆ. ಕಾನೂನು ಸುವ್ಯವಸ್ಥೆಗೆ ಎಂದು ದಫೇದಾರನಿಗೆ ಹೇಳಿದೆ, ನಿಜವಾಗಿ ಹೋದದ್ದು ನೋಡಬೇಕೆನಿಸಿದ್ದಕ್ಕೆ. ಅಕ್ಕಯಮ್ಮ ಬಾಗಿಲಲ್ಲೇ ನಿಂತಿದ್ದಳು. ಅವನ ಕಾಲಿಗೆ ನೀರು ಹಾಕಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವನು ಹೊಸ್ತಿಲು ದಾಟಿ ಒಳಗೆ ಹೋದ. ಆಮೇಲೆ ಆ ದೊಡ್ಡ ಆಳು ಬಿಕ್ಕಿಬಿಕ್ಕಿ ಅಳುವುದು ಕೇಳಿಸಿತು, ಅದರಿಂದ ಎಚ್ಚರಗೊಂಡ ಮಗು ಅಳುವುದೂ ಕೇಳಿಸಿತು. ಇಬ್ಬರನ್ನೂ ಸಮಾಧಾನ ಮಾಡಲಾರದೆ ಅಕ್ಕಯಮ್ಮ ಬೈಯತೊಡಗಿದಳು. ನನಗೆ ತುಂಬ ಸಂತೋಷವಾಯಿತು. ಠಾಣೆಗೆ ವಾಪಸು ನಡೆದು ಬಂದೆ.

ಅಕ್ಟೋಬರಿನಲ್ಲಿ ಸಂಸ್ಥಾನಕ್ಕೆ ಜವಾಬ್ದಾರಿ ಸರ್ಕಾರ ಬಂತು, ನಾವು ಹಿಡಿದಿದ್ದವರು ಹೂವಿನ ಹಾರದೊಂದಿಗೆ ಹೊರಬಂದರು. ವೆಂಕಟನಾರಾಯಣರ ಚಿತ್ರ ಮಾತ್ರ ತೆರೆಗೆ ಬರಲಿಲ್ಲ. ಉಳಿದ ಭಾಗ ತೆಗೆಯಲು ಫಿಲ್ಮ್ ಸಿಗಲಿಲ್ಲವೆಂದು ಕೆಲವರು ಹೇಳಿದರು. ಸ್ವಾತಂತ್ರ್ಯ ಬಂದ ಮೇಲೆ ಸೋತ ಯುದ್ಧದ ಕಥೆ ಯಾರಿಗೆ ಬೇಕೆಂದು ಬಂಡವಾಳ ಹೂಡಿದವರು ಕೈಬಿಟ್ಟರೆಂದು ಇನ್ನು ಕೆಲವರು ಹೇಳಿದರು. ಮೂರನೆಯ ಕಾರಣವೊಂದು ನನ್ನ ತಲೆಯಲ್ಲಿದೆ. ಅದನ್ನು ನಂಬುವುದಿಲ್ಲ, ತಳ್ಳಿಹಾಕಲೂ ಆಗಿಲ್ಲ.

ಎಷ್ಟೋ ವರ್ಷಗಳ ಮೇಲೆ ಬೆಂಗಳೂರಿನ ಒಂದು ಹೋಟೆಲಿನಲ್ಲಿ ಅವರು ಸಿಕ್ಕರು. ಕೂದಲು ಪೂರ್ತಿ ನರೆತಿತ್ತು, ಯಾವುದೋ ಮುದ್ರಣಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಅವತ್ತು ಹಾಡಿದ್ದಕ್ಕೆ ಬೇಸರವಿದೆಯೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅವರೇ ಕಾಫಿ ಲೋಟ ಕೆಳಗಿಟ್ಟು ಕೇಳಿದರು.

“ಅವತ್ತು ಅವನು ಮನೆ ಒಳಗೆ ಹೋದನಾ? ನಾನು ನೋಡ್ಲಿಲ್ಲ, ಲಾರಿ ಹೊರಟುಬಿಡ್ತು.”

ಹೋದ, ಮೊಮ್ಮಗಳನ್ನು ಎತ್ತಿಕೊಂಡ ಎಂದೆ. ಅವರು ತಲೆಯಾಡಿಸಿದರು. ಅದೊಂದು ಶಾಟ್ ನನಗೆ ಸಿಕ್ಕಿದ್ದರೆ ಸಾಕಿತ್ತು ಎಂದರು.

ಆಮೇಲೆ ನನ್ನ ಸರ್ವಿಸ್‌ನಲ್ಲಿ ಎಷ್ಟೋ ಗುಂಪುಗಳ ಎದುರು ನಿಂತಿದ್ದೇನೆ. ಯಾರ ಕಡೆಯವರು, ಏನು ಕೂಗುತ್ತಿದ್ದಾರೆ, ಕೈಯಲ್ಲಿ ಏನಿದೆ ಎಂದು ಮೇಲಿನಿಂದ ಪ್ರಶ್ನೆಗಳು ಬರುತ್ತಿದ್ದವು, ಅವಕ್ಕೆಲ್ಲ ಉತ್ತರ ಕೊಡುತ್ತಿದ್ದೆ. ಆದರೆ ಲಾಠಿ ಎತ್ತಿಸುವ ಮೊದಲು ಗುಂಪಿನೊಳಕ್ಕೆ ಒಬ್ಬನೇ ಹೋಗಿ, ಇವತ್ತು ನಿಮ್ಮಲ್ಲಿ ಯಾರು ಮನೆಗೆ ಹೋಗಲಾರದೆ ಕೂತಿದ್ದೀರಿ ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ಪ್ರತಿ ಸಲವೂ ಯಾರೋ ಒಬ್ಬರು ಇರುತ್ತಿದ್ದರು, ಉಳಿದವರು ತಿರುಗಿ ಅವರ ಕಡೆ ನೋಡುತ್ತಿದ್ದರು.